ಗೋಡೆಯಡಿಯ ಕತ್ತಲು

ಊರಿಗೆಲ್ಲ ಬೆಳಕು ಬೇಕು, ನಮ್ಮಣ್ಣನಿಗೆ ಕತ್ತಲು ಬೇಕು. ಇದನ್ನು ಹೇಳಿದಾಗೆಲ್ಲ ಜನ ನಕ್ಕಿದ್ದಾರೆ. ನಿಮ್ಮಣ್ಣನೇನು ಕಳ್ಳನೇ ಎಂದು ಕೇಳಿದವರೂ ಇದ್ದಾರೆ. ಹಾಗೆ ಕೇಳಿದವರಲ್ಲಿ ಒಬ್ಬರು ವರ್ಷಗಟ್ಟಲೆ ನಮ್ಮ ಅತ್ತಿಗೆಯ ಬುಟ್ಟಿಯಿಂದ ಮೀನು ಆರಿಸಿ ಆರಿಸಿ ಕೊಂಡುಹೋದವರು. ಆ ಮೀನು ಹಗಲು ಹೊತ್ತಿನಲ್ಲಿ ತಾನಾಗಿ ಹಾರಿ ಬುಟ್ಟಿಗೆ ಬಿದ್ದಿತ್ತು ಎಂದುಕೊಂಡಿದ್ದರೋ ಏನೋ.

ಅಣ್ಣ ಮೀಸೆ ಮೀನು ಹಿಡಿಯುವವನು. ಬೇರೆ ಮೀನು ಸಿಕ್ಕರೆ ಬಿಡುತ್ತಾನೆಂದಲ್ಲ, ಆದರೆ ಅವನ ಕಸುಬು ಅದು. ಅದಕ್ಕೇ ಅವನನ್ನು ಎಲ್ಲರೂ ಮೀಸೆ ಎಂದು ಕರೆಯುವುದು. ಹೊಸಬರು ಗಿರಿಜಾ ಮೀಸೆಯ ಆಸಾಮಿಯೊಬ್ಬ ಬರುತ್ತಾನೆಂದು ಕಾದು ಕೂತರೆ, ಮೇಲ್ತುಟಿಯಲ್ಲಿ ಹುಡುಕಿದರೂ ನಾಲ್ಕು ಕೂದಲು ಸಿಗದ ಸಣಕಲು ಮನುಷ್ಯನೊಬ್ಬ ಬಂದು ನಿಲ್ಲುತ್ತಾನೆ. ಅವನೇ ನಮ್ಮಣ್ಣ. ನಾನು ಅವನ ತಂಗಿ, ಬಟ್ಟೆ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ ಮತ್ತು ಹಾಸಿಗೆ, ಹಿಂದಿನ ಕೋಣೆ ಅಣ್ಣ ಅತ್ತಿಗೆಯದು, ನಡುವಿನ ಇಕ್ಕಟ್ಟಿನಲ್ಲಿ ಒಲೆ, ದೋಣಿಯ ಹುಟ್ಟುಗಳು, ಗಾಳದ ಸುರುಳಿಗಳು. ಅಣ್ಣನಿಗೆ ಮಾತು ಕಡಿಮೆ, ನನಗೆ ಜಾಸ್ತಿ. ನಿಮ್ಮಮ್ಮ ಇಬ್ಬರಿಗೂ ಹಂಚಬೇಕಾದ ನಾಲಗೆಯನ್ನು ನಿನ್ನೊಬ್ಬಳಿಗೇ ಕೊಟ್ಟುಬಿಟ್ಟಳು ಎಂದು ಅತ್ತಿಗೆ ಹೇಳುತ್ತಾಳೆ. ಇರಬಹುದು. ಯಾರಾದರೂ ಒಬ್ಬರು ಮಾತಾಡಬೇಕಲ್ಲ.

ಅತ್ತಿಗೆ ಕಾಲು ಮುರಿದುಕೊಂಡು ಮಲಗಿದ್ದ ವರ್ಷ ನಾನು ಅಣ್ಣನ ಜೊತೆ ದೋಣಿಗೆ ಹೋಗುತ್ತಿದ್ದೆ. ನದಿಯ ಈ ದಡದಲ್ಲಿ ಒಂದು ಹಳೆಯ ಗೋದಾಮಿದೆ. ಅದರ ಹಿಂಗೋಡೆ ನೇರವಾಗಿ ನೀರಿಗೇ ಇಳಿದಿದೆ. ತಳದ ಇಟ್ಟಿಗೆಗಳು ಕಳಚಿ ಬಿದ್ದು ಅಲ್ಲೆಲ್ಲ ಪೊಟರೆಗಳಾಗಿವೆ. ಮೀಸೆ ಮೀನು ಹಗಲೆಲ್ಲ ಆ ಪೊಟರೆಗಳಲ್ಲಿ ಬಿದ್ದುಕೊಂಡಿದ್ದು, ಕತ್ತಲು ಗಟ್ಟಿಯಾದ ಮೇಲೆ ಗೋಡೆಗುಂಟ ಮೇಯಲು ಹೊರಡುತ್ತದೆ. ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ. ಅದರ ಬದುಕೆಲ್ಲ ಮೀಸೆಯ ಮೇಲೆ. ತಿನ್ನುವುದನ್ನೂ ಮೊದಲು ಮೀಸೆಯಿಂದ ಸವರಿ ನೋಡಿ, ಒಪ್ಪಿಗೆಯಾದರೆ ಬಾಯಿ ಹಾಕುತ್ತದೆ. ನೀರಿನ ಮೇಲೆ ಒಂದು ಬೆಂಕಿಕಡ್ಡಿ ಗೀರಿದರೂ ಸಾಕು, ಎಷ್ಟೋ ಹೊತ್ತು ಪೊಟರೆ ಬಿಟ್ಟು ಹೊರಗೆ ಬರುವುದಿಲ್ಲ.

ಹಾಗಾಗಿ ಅಣ್ಣನೂ ಕತ್ತಲಲ್ಲೇ ಕೂರುತ್ತಿದ್ದ. ದೋಣಿಯನ್ನು ಗೋಡೆಯಿಂದ ಒಂದು ಹುಟ್ಟಿನಷ್ಟು ದೂರ ನಿಲ್ಲಿಸಿ, ಎರೆಹುಳ ಚುಚ್ಚಿದ ಗಾಳ ಇಳಿಸಿ, ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಸುಮ್ಮನಾದನೆಂದರೆ, ಪಕ್ಕದಲ್ಲಿ ಮನುಷ್ಯ ಇದ್ದಾನೋ ಇಲ್ಲವೋ ಎಂದು ನನಗೇ ಅನುಮಾನ. ಒಂದು ಸಲ ದಾರವನ್ನು ನನ್ನ ಬೆರಳಿಗೆ ಕೊಟ್ಟ. ಎಷ್ಟೋ ಹೊತ್ತಿನ ಮೇಲೆ ಏನೋ ಸವರಿದಂತಾಯಿತು. ನಾನು ಎಳೆದುಬಿಟ್ಟೆ.

"ಅದು ಇನ್ನೂ ಮುಟ್ಟಿ ನೋಡ್ತಿತ್ತು ಕಣೇ" ಎಂದ ಅಣ್ಣ. "ಬಾಗಿಲು ತಟ್ಟಿದೋರನ್ನ ರಟ್ಟೆ ಹಿಡಿದು ಒಳಗೆ ಎಳ್ಕೊಂಡ್ರೆ ಯಾರು ಬರ್ತಾರೆ?"

ಅದರ ನಂತರ ಅವನು ನನಗೆ ದಾರ ಕೊಡಲಿಲ್ಲ. ನೀರು ತೋಡಿ ಹಾಕುವ ಡಬ್ಬ ಕೊಟ್ಟ. ದೋಣಿ ಅಷ್ಟು ಸೋರುತ್ತಿತ್ತು.

ಇಂಥ ಮನುಷ್ಯನ ಹೊಟ್ಟೆಯ ಮೇಲೆ ಹೊಡೆಯುವುದಕ್ಕೆ ಯಾರೂ ಕತ್ತಿ ದೊಣ್ಣೆ ಹಿಡಿದು ಬರಲಿಲ್ಲ. ಶಾಲು ಹಿಡಿದು ಬಂದರು. ನನಗೆ ಇವತ್ತಿಗೂ ಉರಿಯುವುದು ಅದಕ್ಕೇ.

ನದಿಯ ದಡವನ್ನು ಚೆಂದ ಮಾಡಲು ಒಂದು ಸಮಿತಿ ಇದೆ. ಅದರ ಅಧ್ಯಕ್ಷರು ಮರದ ಸಾಮಾನಿನ ಅಂಗಡಿಯವರು. ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ, ಹೇಳಲಿ. ಅವರು ದಡದುದ್ದಕ್ಕೂ ಕಲ್ಲು ಹಾಸಿಸಿದರು, ಬೆಂಚು ಹಾಕಿಸಿದರು, ದೀಪದ ಕಂಬ ನೆಡಿಸಿದರು. ಅಲ್ಲಿಯವರೆಗೆ ನಾವೂ ಮಾತಾಡಲಿಲ್ಲ. ಕಂಬದ ದೀಪಗಳು ದಾರಿಗೆ ಬೆಳಕು ಚೆಲ್ಲುತ್ತವೆ, ನಡೆಯುವವರು ನಡೆಯಲಿ, ನೀರಿಗೇನೂ ಬಾಧೆಯಿಲ್ಲ ಎಂದ ಅಣ್ಣ. ಆಮೇಲೊಂದು ದಿನ ಗೋದಾಮಿನ ಪಕ್ಕದ ಕಟ್ಟೆಯ ಮೇಲೆ ದಪ್ಪ ಕಬ್ಬಿಣದ ಕಂಬವೊಂದು ಎದ್ದಿತು. ಅದರ ತುದಿಗೆ ದೊಡ್ಡ ದೀಪ. ಅದರ ಮುಖ ದಾರಿಯ ಕಡೆಗಲ್ಲ, ನೀರಿಗಿಳಿದ ಗೋಡೆಯ ಕಡೆಗೆ. ಏಕೆಂದು ಕೇಳಿದರೆ, ಹಳೆಯ ಗೋಡೆಯ ಸೊಬಗು ರಾತ್ರಿ ಹೊತ್ತು ಎದುರು ದಡದವರಿಗೆ ಕಾಣಲಿ ಎಂದು ಹಾಕಿದ್ದಂತೆ. ಪಾಚಿ ಹಿಡಿದು ಹೊಟ್ಟೆ ಉಬ್ಬಿದ ಆ ಗೋಡೆಯನ್ನು ಹಗಲು ಹೊತ್ತಿನಲ್ಲೇ ಯಾರೂ ತಿರುಗಿ ನೋಡಿದ್ದಿಲ್ಲ.

ದೀಪ ಹೊತ್ತಿಸುವ ದಿನ ಹತ್ತಿರ ಬಂದಾಗ ಅಧ್ಯಕ್ಷರು ನಮ್ಮ ಮನೆಗೇ ಬಂದರು. ಅರ್ಧ ಹೊಲಿದ ಬಟ್ಟೆಗಳನ್ನು ಕುರ್ಚಿಯಿಂದ ಎತ್ತಿ ಜಾಗ ಮಾಡಿಕೊಟ್ಟೆ.

"ನೀರಿನ ಮೇಲೆ ನಿಮಗಿಂತ ಹಿರಿಯರು ಯಾರಿದ್ದಾರೆ?" ಎಂದರು ಅಣ್ಣನಿಗೆ. "ಸ್ವಿಚ್ ನೀವೇ ಒತ್ತಬೇಕು. ಮಂತ್ರಿಗಳು ಬೇಡ, ದೊಡ್ಡೋರು ಬೇಡ, ನದಿ ಮಗನೇ ಒತ್ತಲಿ ಅಂತ ನಾನೇ ಹಟ ಹಿಡಿದೆ."

ಅಣ್ಣ ಕೈ ಹೊಸೆಯುತ್ತ ನನ್ನ ಮುಖ ನೋಡಿದ. ನಾನು ಬಾಯಿ ಬಿಟ್ಟೆ. "ಆ ಗೋಡೆ ದೀಪ ಹಚ್ಚಿದ್ರೆ ಇವನಿಗೆ ಮೀನು ಸಿಗಲ್ಲ ಸಾರ್. ಅದು ಕತ್ತಲಲ್ಲಿ ಮೇಯೋ ಮೀನು."

ಅಧ್ಯಕ್ಷರು ನಕ್ಕರು. "ಏನಮ್ಮಾ, ಇಷ್ಟು ವರ್ಷ ಪಾಪ ಕತ್ತಲಲ್ಲಿ ತಡಕಾಡಿದ್ದು ಸಾಲದಾ? ಇನ್ಮೇಲೆ ಮೀನು ಕಣ್ಣಿಗೇ ಕಾಣುತ್ತೆ. ಬಗ್ಗಿ ಎತ್ಕೊಳ್ಳೋದೊಂದೇ ಕೆಲಸ."

ಅವರು ಅದನ್ನು ತಮಾಷೆಗೆ ಹೇಳಲಿಲ್ಲ ಎನ್ನುವುದನ್ನು ನೀವು ಗಮನಿಸಬೇಕು. ನಿಜವಾಗಿಯೂ ಉಪಕಾರ ಮಾಡುತ್ತಿದ್ದೇನೆ ಎಂದೇ ಅವರ ತಲೆಯಲ್ಲಿತ್ತು. ಕೆಡುಕು ಮಾಡಬೇಕೆಂದು ಬಂದವನಾದರೆ ಬಾಗಿಲಲ್ಲೇ ನಿಲ್ಲಿಸಬಹುದು. ಉಪಕಾರ ಮಾಡಲು ಬಂದವನಿಗೆ ಕುರ್ಚಿ ಹಾಕಬೇಕಾಗುತ್ತದೆ.

ಅವರು ಹೋದ ಮೇಲೆ ಅತ್ತಿಗೆ, "ಹೋಗ್ಬೇಡ, ಮೈ ಹುಷಾರಿಲ್ಲ ಅಂತ ಹೇಳಿ ಕಳಿಸ್ತೀನಿ" ಎಂದಳು.

"ಹೋಗ್ತೀನಿ" ಎಂದ ಅಣ್ಣ. "ಅಲ್ಲಿ ಎಲ್ಲರೂ ಇರ್ತಾರೆ. ಎಲ್ಲರ ಎದುರಿಗೇ ಕೇಳ್ತೀನಿ. ಕಂಬದ ದೀಪ ಎಲ್ಲಾ ಇರ್ಲಿ, ಗೋಡೆ ದೀಪ ಒಂದು ಬೇಡ, ಅಲ್ಲಿ ಮೀನು ಮೇಯುತ್ತೆ. ಅಷ್ಟೇ ತಾನೆ."

ಅಷ್ಟು ಮಾತನ್ನು ಅವನು ವಾರವಿಡೀ ಅಭ್ಯಾಸ ಮಾಡಿದ. ಗಾಳಕ್ಕೆ ದಾರ ಬಿಗಿಯುವಾಗ, ದೋಣಿಗೆ ಡಾಂಬರು ಬಳಿಯುವಾಗ ತುಟಿ ಅಲ್ಲಾಡುತ್ತಿತ್ತು. ಒಮ್ಮೆ ಊಟದ ನಡುವೆ ಇದ್ದಕ್ಕಿದ್ದಂತೆ, "ಬೇಡ ಅನ್ನೋದಕ್ಕಿಂತ ಆರಿಸಿಡಿ ಅಂದ್ರೆ ಮರ್ಯಾದೆ ಅಲ್ವಾ?" ಎಂದು ಕೇಳಿದ. ತನ್ನದೇ ಅನ್ನಕ್ಕೆ ಕಲ್ಲು ಬೀಳುವ ಹೊತ್ತಿನಲ್ಲಿ ಈ ಮನುಷ್ಯ ಮರ್ಯಾದೆಯ ಪದ ಹುಡುಕುತ್ತಿದ್ದ. ಅವನಿಗೊಂದು ಹೊಸ ಅಂಗಿ ಹೊಲಿದೆ, ಬಿಳಿಯದು. ಕಾಲರು ಸ್ವಲ್ಪ ಬಿಗಿಯಾಯಿತು.

ಆ ಸಂಜೆ ದಡದ ತುಂಬ ಜನ. ಹೊತ್ತು ಮುಳುಗಿದರೂ ಒಂದೇ ಒಂದು ದೀಪ ಹಚ್ಚಿರಲಿಲ್ಲ, ಒಟ್ಟಿಗೇ ಹೊತ್ತಬೇಕೆಂದು. ಅಧ್ಯಕ್ಷರು ಕತ್ತಲಿನ ಬಗ್ಗೆ ಬೇಕಾದಷ್ಟು ಬೈದರು. ಕತ್ತಲೆಂದರೆ ಅಜ್ಞಾನವಂತೆ, ಕತ್ತಲೆಂದರೆ ಭಯವಂತೆ. ಕತ್ತಲಲ್ಲೇ ಬದುಕು ಸವೆಸಿದ ಈ ಹಿರಿಯ ಜೀವ ಎಂದು ಅಣ್ಣನನ್ನು ಮೇಲಕ್ಕೆ ಕರೆದರು. ನಮ್ಮಣ್ಣನಿಗೆ ಇನ್ನೂ ಐವತ್ತು ತುಂಬಿಲ್ಲ. ಶಾಲು ಹೊದಿಸಿದರು. ಅಣ್ಣ ಮೈಕಿನ ಹತ್ತಿರ ಬಗ್ಗಿ, "ಗೋಡೆ ಹತ್ರದ ದೀಪ..." ಎಂದ.

ಅಷ್ಟೇ ಕೇಳಿಸಿದ್ದು. ಪಾಪ ಗಾಬರಿಯಾಗಿದ್ದಾನೆ ಎಂದುಕೊಂಡ ಅಧ್ಯಕ್ಷರು ಅವನ ಬಲಗೈಯನ್ನು ಹಿಡಿದುಕೊಂಡು ಸ್ವಿಚ್ಚಿನ ಕಡೆಗೆ ಒಯ್ದರು. ಅಣ್ಣ ಕೈ ಎಳೆದುಕೊಳ್ಳಲಿಲ್ಲ.

ಏಕೆ ಎಳೆದುಕೊಳ್ಳಲಿಲ್ಲ ಎಂದು ಆಮೇಲೆ ಎಷ್ಟೋ ಮಂದಿ ಕೇಳಿದರು. ರಾತ್ರಿ ನೀರಿನ ಮೇಲೆ ಇರುವವರಿಗೆ ಮಾತ್ರ ಅದು ಗೊತ್ತು. ಕತ್ತಲಲ್ಲಿ ಎರಡು ದೋಣಿ ಹತ್ತಿರ ಬಂದಾಗ ಒಬ್ಬರ ಕೈಯನ್ನು ಒಬ್ಬರು ಹಿಡಿದು ದೋಣಿಗಳನ್ನು ಜೋಡಿಸಿಕೊಳ್ಳುತ್ತಾರೆ. ಕೈ ಚಾಚಿದವನು ದಾಟಲು ಎದ್ದು ನಿಂತಿದ್ದಾನೋ, ಕಾಲು ಜಾರಿ ಆಧಾರಕ್ಕೆ ಹಿಡಿದಿದ್ದಾನೋ ಕಾಣುವುದಿಲ್ಲ. ಆದ್ದರಿಂದ ಮೊದಲು ಹಿಡಿದವನೇ ಮೊದಲು ಬಿಡಬೇಕು. ಇನ್ನೊಬ್ಬ ಜಗ್ಗಿದರೆ ಒಂದು ಜೀವ ನೀರು ಪಾಲು. ಹುಡುಗನಾಗಿದ್ದಾಗಿನಿಂದ ಅಣ್ಣನ ಕೈಗೆ ಅದು ಅಂಟಿಬಿಟ್ಟಿತ್ತು. ತನ್ನ ಕೈ ಹಿಡಿದವನು ಬಿಡುವ ತನಕ ಅವನು ಕಾದ. ಅಧ್ಯಕ್ಷರು ಬಿಟ್ಟಿದ್ದು ಸ್ವಿಚ್ಚು ಕೆಳಗೆ ಹೋದ ಮೇಲೆ.

ದಡವೆಲ್ಲ ಝಗ್ಗೆಂದಿತು. ಚಪ್ಪಾಳೆ, ಸಿಳ್ಳೆ. ಆ ಗದ್ದಲದಲ್ಲೇ ಅಣ್ಣ ತನ್ನ ಮಾತನ್ನು ಕೊನೆಯವರೆಗೂ ಆಡಿ ಮುಗಿಸಿದ. ಆರಿಸಿಡಿ ಎಂದ, ಅಲ್ಲಿ ಮೀನು ಮೇಯುತ್ತೆ ಎಂದ. ಮೈಕನ್ನು ಆಗಲೇ ಬೇರೆ ಯಾರೋ ತೆಗೆದುಕೊಂಡಿದ್ದರು. ಮುಂದಿನ ಸಾಲಿನಲ್ಲಿದ್ದ ನನಗೆ ಅವನ ತುಟಿ ಕಾಣಿಸುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ವಾರದ ತರುವಾಯ ಅಲ್ಲಿ ಒಂದು ಕಲ್ಲು ನೆಟ್ಟರು. ಈ ದೀಪಗಳನ್ನು ಹಿರಿಯ ಅಂಬಿಗರ ಅಮೃತ ಹಸ್ತದಿಂದ ಬೆಳಗಿಸಲಾಯಿತು ಎಂದು ಅದರಲ್ಲಿ ಕೆತ್ತಿಸಿದ್ದರು. ಎರೆಹುಳ ಚುಚ್ಚುವ ಆ ಹಸ್ತ ಬಸ್ಸಿನಲ್ಲಿ ಪಕ್ಕಕ್ಕೆ ಬಂದರೆ ಮೂಗು ಮುಚ್ಚಿಕೊಳ್ಳುವವರಿಗೆ, ಸ್ವಿಚ್ಚು ಒತ್ತುವ ಹೊತ್ತಿಗೆ ಅದು ಅಮೃತವಾಗಿತ್ತು.

ಆಮೇಲೆ ನಡೆದದ್ದು ನಾನು ಹೇಳಿದಂತೆಯೇ. ಗೋಡೆಯಡಿಯಲ್ಲಿ ದಾರ ಬಿಟ್ಟು ಅಣ್ಣ ಬೆಳಗಿನವರೆಗೂ ಕೂತ. ಬುಟ್ಟಿ ಖಾಲಿ. ಮರುದಿನವೂ ಖಾಲಿ. ಎದುರು ದಡಕ್ಕೆ ಹೋದ, ಅಲ್ಲಿ ಬರೀ ಮರಳು. ಕೆಳಗಿನ ತಿರುವಿನವರೆಗೆ ಹೋದ, ಅಲ್ಲಿ ಸೆಳವು ಜಾಸ್ತಿ, ನಮ್ಮ ದೋಣಿಯ ಹಲಗೆ ಒಂದು ಕಳಚಿ ಅರ್ಧ ಮುಳುಗಿಕೊಂಡೇ ಬಂದ. ಮೀನಿಗೆ ಬೇಕಾದ ಪೊಟರೆ ಇದ್ದದ್ದು ಆ ಗೋಡೆಯಲ್ಲಿ, ಗೋಡೆಯ ಮೇಲೆ ರಾತ್ರಿಯಿಡೀ ಸೊಬಗು. ಅತ್ತಿಗೆ ಲಾರಿಯಲ್ಲಿ ಬರುವ ಕೆರೆ ಮೀನು ತಂದು ಮಾರತೊಡಗಿದಳು. ಇದು ನಿಮ್ಮ ಮೀನಲ್ಲ ಎಂದು ಹಳೆಯ ಗಿರಾಕಿಗಳು ಮೂತಿ ತಿರುಗಿಸಿದರು. ಅದೇ ಗಿರಾಕಿಗಳು ಸಂಜೆ ಬೆಂಚಿನ ಮೇಲೆ ಕೂತು ಗೋಡೆ ಎಷ್ಟು ಚೆಂದ ಎನ್ನುತ್ತಿದ್ದರು.

ತಡೆಯಲಾರದೆ ಅಣ್ಣನನ್ನು ಎಳೆದುಕೊಂಡು ಸಮಿತಿಯ ಕಚೇರಿಗೆ ಹೋದೆ. ಒಂದೇ ಒಂದು ದೀಪ, ಅದೂ ಜನ ಮಲಗಿದ ಮೇಲೆ, ಬೆಳಗಿನವರೆಗೆ ಆರಿಸಿಡಿ ಎಂದು ಕೇಳಿದೆ. ಅಧ್ಯಕ್ಷರಿಗೆ ಬೇಜಾರಾಯಿತು. ಕೋಪ ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ಇದೇನಮ್ಮಾ ಹೀಗಂತೀರಿ? ದೀಪ ಹಚ್ಚಿದ್ದು ಇವರೇ. ಕಲ್ಲಲ್ಲೇ ಬರೆಸಿದ್ದೀವಿ. ಹಚ್ಚಿದೋರೇ ಆರಿಸಿ ಅಂದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ. ಏನಪ್ಪಾ, ನೀವೇ ತಾನೆ ಒತ್ತಿದ್ದು?"

"ಹೌದು, ನಾನೇ ಒತ್ತಿದ್ದು" ಎಂದ ಅಣ್ಣ.

"ಅವರು ಕೈ ಹಿಡಿದು ಒತ್ತಿಸಿದ್ದು" ಎಂದೆ ನಾನು.

"ಕೈ ನಂದೇ ಅಲ್ವೇನೆ" ಎಂದ.

ನನಗೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಅಧ್ಯಕ್ಷರು ಮಾತ್ರ ಖುಷಿಯಾಗಿ ಇನ್ನೊಂದು ಉಪಕಾರ ಮುಂದಿಟ್ಟರು. ಬರುವ ತಿಂಗಳಿಂದ ದೀಪದ ಬೆಳಕಿನಲ್ಲಿ ದೋಣಿ ವಿಹಾರ ಶುರುವಾಗುತ್ತದೆ. ಹೊಸ ದೋಣಿ ಅವರದೇ. ಅಣ್ಣ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು ಬಂದವರನ್ನು ಗೋಡೆಯವರೆಗೆ ಒಯ್ದು ತೋರಿಸಿಕೊಂಡು ಬಂದರೆ ಸಾಕು. ಹಳೆಯ ದೋಣಿಯನ್ನು ಬಣ್ಣ ಬಳಿದು ದಡದಲ್ಲಿ ಹೂಕುಂಡವಾಗಿ ಇಡುತ್ತಾರಂತೆ. ವಾರದೊಳಗೆ ಹೇಳಿ ಎಂದರು.

ಮನೆಗೆ ಬಂದು ನಡೆದದ್ದನ್ನೆಲ್ಲ ಅತ್ತಿಗೆಗೆ ಹೇಳಿದೆ. ಅತ್ತಿಗೆ ಪಾತ್ರೆ ತೊಳೆಯುತ್ತಲೇ ಹೇಳಿದಳು, "ನೀನು ಏನು ಮಾಡಿದ್ರೂ ನಾನು ಬೇಡ ಅನ್ನಲ್ಲ. ಆ ಜಾಕೆಟ್ ಹಾಕ್ಕೊಂಡು ಹೊರಟ್ರೆ ಮಾತ್ರ ನಾನು ಆ ದಡದ ಕಡೆ ತಲೆ ಹಾಕಿ ಮಲಗಲ್ಲ." ಅಣ್ಣ ನದಿಯ ಮೇಲೆ ಮೀನು ಹಿಡಿಯುವವನಾಗಿ ಉಳಿಯುತ್ತಾನೋ, ನದಿಯನ್ನು ತೋರಿಸುವವನಾಗುತ್ತಾನೋ ಎಂದು ನಾನು ಎಣಿಸುತ್ತ ಕೂತೆ. ಹೊಲಿಗೆಯೆಲ್ಲ ಸೊಟ್ಟಗಾಯಿತು.

ವಾರ ಮುಗಿಯುವ ರಾತ್ರಿ ಅಣ್ಣ ಹುಟ್ಟುಗಳನ್ನು ಹೆಗಲಿಗೇರಿಸಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತ. "ಬರ್ತೀಯಾ? ದೋಣಿ ಹಿಡ್ಕೊಳ್ಳೋಕೆ ಒಬ್ರು ಬೇಕು."

ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗೋಡೆಯ ಮೇಲೆ ಮಾತ್ರ ಹಗಲೋ ಹಗಲು. ಯಾರೂ ನೋಡದಿದ್ದರೂ ಸೊಬಗು ಸುರಿಯುತ್ತಲೇ ಇತ್ತು. ನೀರಿನಲ್ಲಿ ತಳದ ಇಟ್ಟಿಗೆ ಕಾಣುತ್ತಿತ್ತು, ಒಂದು ಹರಿದ ಚಪ್ಪಲಿ ಕಾಣುತ್ತಿತ್ತು, ಬೆಳಕಿಗೆ ಬಂದು ಸತ್ತ ಹುಳುಗಳು ಕೆನೆಯ ಹಾಗೆ ತೇಲುತ್ತಿದ್ದವು. ಅಣ್ಣ ತಾನು ಇಷ್ಟು ಕಾಲ ಬೆರಳಲ್ಲಿ ಮಾತ್ರ ಬಲ್ಲ ಜಾಗವನ್ನು ಬಹಳ ಹೊತ್ತು ನೋಡಿದ. ಗಾಳ ಬಿಚ್ಚಲಿಲ್ಲ.

"ದೋಣಿ ಅಲ್ಲಾಡಿಸ್ಬೇಡ" ಎಂದು ಎದ್ದು ನಿಂತ. ದೋಣಿಯಲ್ಲಿ ಅವನು ಎದ್ದು ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ. ಕೈಯಲ್ಲಿ ಕಲ್ಲಿತ್ತು. ದಡಕ್ಕೆ ಹಾಸಲು ತಂದು ಉಳಿದ ಚೂರು, ದಾರಿಯಲ್ಲೇ ಎತ್ತಿಕೊಂಡಿದ್ದಿರಬೇಕು. ಮೊದಲನೆಯದು ಕಂಬಕ್ಕೆ ಬಡಿದು ಠಣ್ಣೆಂದಿತು. ನಾನು ಸುತ್ತ ನೋಡಿದೆ. ಬೇಡ ಅನ್ನಲಿಲ್ಲ, ಯಾಕೆ ಅನ್ನಲಿ? ಬಗ್ಗಿ ಅವನ ಕಾಲ ಬಳಿ ಬಿದ್ದಿದ್ದ ಇನ್ನೊಂದು ಕಲ್ಲು ಅವನ ಕೈಗೆ ಕೊಟ್ಟೆ. ಎರಡನೆಯದಕ್ಕೆ ಗಾಜು ಒಡೆದು ನೀರಿನ ಮೇಲೆ ಸುರಿಯಿತು, ಕತ್ತಲು ಗೋಡೆಯ ಮೇಲಿಂದ ಕೆಳಕ್ಕೆ ಇಳಿದುಬಂತು. ಸ್ವಲ್ಪ ಹೊತ್ತು ನನಗೆ ಅಣ್ಣನೂ ಕಾಣಲಿಲ್ಲ. ದೋಣಿ ಮೆಲ್ಲಗೆ ವಾಲಿತು, ಅವನು ಕೂತನೆಂದು ತಿಳಿಯಿತು. ಗಾಳ ನೀರಿಗಿಳಿದ ಸದ್ದಾಯಿತು.

ಬೆಳ್ಳಿ ಮೂಡುವ ಮುಂಚೆ ಅಣ್ಣ ಪಿಸುಗುಟ್ಟಿದ, "ಸವರಿತು." ಬಾಯಿ ಹಾಕಲಿಲ್ಲ, ಹೊರಟುಹೋಯಿತು. ಖಾಲಿ ಬುಟ್ಟಿ ಹೊತ್ತು ಮನೆಗೆ ಬರುವಾಗ ಅವನು ಏನನ್ನೋ ಗುನುಗುತ್ತಿದ್ದ. ತಿಂಗಳಲ್ಲಿ ಮೊದಲ ಸಲ ಅವತ್ತು ಅವನು ಕರೆಯದೆಯೇ ಊಟಕ್ಕೆ ಕೂತ.

ಬಿಸಿಲೇರುವ ಮುಂಚೆಯೇ ಅಧ್ಯಕ್ಷರು ಸಮಿತಿಯ ಇಬ್ಬರನ್ನು ಹಿಂದಿಟ್ಟುಕೊಂಡು ಬಂದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ನಾನು ಕತ್ತರಿ ಕೆಳಗಿಟ್ಟೆ.

"ಯಾರೋ ಕಿಡಿಗೇಡಿಗಳು ಗೋಡೆ ದೀಪ ಒಡೆದು ಹಾಕಿದ್ದಾರೆ" ಎಂದರು, ನಮ್ಮ ಮನೆಯ ಸಾವಿಗೆ ಬಂದವರ ದನಿಯಲ್ಲಿ. "ನೀವು ಹಚ್ಚಿದ ದೀಪ. ನಿಮಗೆಷ್ಟು ನೋವಾಗಿರುತ್ತೆ ಅಂತ ನನಗೊತ್ತು. ರಾತ್ರಿಯೆಲ್ಲಾ ನೀರಲ್ಲೇ ಇರ್ತೀರಲ್ಲ, ಯಾರನ್ನಾದ್ರೂ ನೋಡಿದ್ರಾ?"

ಇಲ್ಲ ಎಂದುಬಿಡು ಎಂದು ಅತ್ತಿಗೆ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಅಣ್ಣ ಹೊರಗೆ ಬಂದ. ಎಲ್ಲರಿಗೂ ಕೇಳಿಸುವ ಹಾಗೆ, ವಾರವಿಡೀ ಅಭ್ಯಾಸ ಮಾಡಿಯೂ ಅವತ್ತು ಮೈಕಿನ ಮುಂದೆ ಬಾರದಿದ್ದ ದನಿಯಲ್ಲಿ ಹೇಳಿದ.

"ನಾನೇ ಒಡೆದಿದ್ದು."

ಅಧ್ಯಕ್ಷರು ನಗಲು ಹೋಗಿ ನಿಲ್ಲಿಸಿದರು. "ನೀವಾ?"

"ನಾನೇ. ಹಚ್ಚಿದ್ದೂ ನಾನೇ ಅಂತ ಕಲ್ಲಲ್ಲಿ ಬರೆಸಿದ್ದೀರಲ್ಲ. ಆರಿಸಿದ್ದೂ ನಾನೇ. ಅದನ್ನೂ ಕೆಳಗೆ ಬರೆಸಿ."

ದೂರು ಕೊಡುತ್ತೇವೆ ಎಂದು ಹಿಂದಿದ್ದವನೊಬ್ಬ ಗೊಣಗಿದ. ಕೊಡಲಿ. ಹೊಸ ದೀಪ ತರಿಸುತ್ತಾರಂತೆ, ತರಿಸಲಿ. ಕೇಳಬೇಕಾದವರನ್ನು ಕೇಳದೆ ಹಾಕಿದ್ದನ್ನು ಒಡೆದು ಮುಚ್ಚಿಟ್ಟರೆ ತಪ್ಪು, ಒಡೆದು ಒಪ್ಪಿಕೊಂಡರೆ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಅಣ್ಣ ಅವರು ಹೋಗುವುದನ್ನೂ ನೋಡದೆ ಒಳಗೆ ಬಂದು, ಹುಳದ ಡಬ್ಬಕ್ಕೆ ಹಸಿ ಮಣ್ಣು ಹಾಕಿಡು, ಸಂಜೆ ಬೇಗ ಹೊರಡ್ತೀನಿ ಎಂದು ಅತ್ತಿಗೆಗೆ ಹೇಳಿ ಮಲಗಿಬಿಟ್ಟ.